ನಿನ್ನೆಯ ಪರಿಹಾರವೇ ಇವತ್ತಿನ ಕಷ್ಟ: ರೈತರ ಸವಾಲುಗಳು ಯಾಕೆ ಮುಗಿಯುವುದಿಲ್ಲ?

ಪ್ರಶ್ನೆ: ಹಿಂದಿನವರಿಗೆ ಬರ, ಪ್ರವಾಹ, ಕೀಟದ ಕಾಟ ಇತ್ತು. ಈಗ ಟ್ರ್ಯಾಕ್ಟರ್ ಇದೆ, ಪಂಪ್ ಇದೆ, ಒಳ್ಳೆಯ ಬೀಜ ಇದೆ, ಫೋನಿನಲ್ಲೇ ಹವಾಮಾನ ಗೊತ್ತಾಗುತ್ತದೆ. ಆದರೂ ಯಾವ ದೇಶದ ಸುದ್ದಿ ನೋಡಿದರೂ ರೈತರು ಕಷ್ಟದಲ್ಲೇ ಇದ್ದಾರೆ. ಎಲ್ಲ ಕಡೆ, ಎಲ್ಲ ಕಾಲದಲ್ಲೂ ಅವರ ಕಷ್ಟ ಒಂದೇನಾ? ಇಷ್ಟೆಲ್ಲ ಬಂದ ಮೇಲೂ ಅದು ಯಾಕೆ ಮುಗಿದಿಲ್ಲ? ಒಂದಾದರೂ ಕಷ್ಟ ಪೂರ್ತಿ ಮುಗಿದ ಉದಾಹರಣೆ ಇದೆಯಾ?

ಉತ್ತರ: ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಮೂರನೆಯದನ್ನು ಜನ ಕೇಳುವುದೇ ಕಡಿಮೆ. ಅದಕ್ಕೆ ಒಳ್ಳೆಯ ಉತ್ತರ ಇದೆ, ಕೊನೆಗೆ ಹೇಳುತ್ತೇನೆ.

ಮೊದಲನೆಯದು. ಕಷ್ಟಗಳು ಒಂದೇ ಅಲ್ಲ. ಹಳೆಯ ಈಜಿಪ್ಟಿನ ರೈತರಿಗೆ ನದಿ ಏರದಿದ್ದರೆ ಭಯ, ನೆದರ್ಲೆಂಡ್ಸಿನ ರೈತರಿಗೆ ನೀರು ಇಳಿಯದಿದ್ದರೆ ಭಯ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ರಾತ್ರಿಯ ಹಿಮ ಪೈರನ್ನು ಸುಡುತ್ತದೆ, ಸಹಾರಾದ ಅಂಚಿನಲ್ಲಿ ಹಗಲಿನ ಬಿಸಿಲು ಸುಡುತ್ತದೆ. ಆದರೆ ಒಂದು ವಿಷಯ ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಆಗಿದೆ. ರೈತರು ಮೊದಲು ಖರ್ಚು ಮಾಡುತ್ತಾರೆ, ಫಲ ಏನು ಅಂತ ಆಮೇಲೆ ಗೊತ್ತಾಗುತ್ತದೆ. ಬಿತ್ತುವ ದಿನ ಮುಂದಿನ ಮಳೆ ಗೊತ್ತಿಲ್ಲ, ರೋಗ ಗೊತ್ತಿಲ್ಲ, ಕಟಾವಿನ ಹೊತ್ತಿಗೆ ಬೆಲೆ ಎಷ್ಟಿರುತ್ತದೋ ಗೊತ್ತಿಲ್ಲ. ಬೇಡಿಕೆ ಬಿದ್ದರೆ ಕಾರ್ಖಾನೆಯವರು ಯಂತ್ರ ನಿಲ್ಲಿಸಬಹುದು. ಮೊಣಕಾಲೆತ್ತರ ಬೆಳೆದ ಪೈರನ್ನು ನಿಲ್ಲಿಸುವುದು ಹೇಗೆ? ಫೋನಿನ ಮುನ್ಸೂಚನೆಯಿಂದ ಉಪಯೋಗ ಖಂಡಿತ ಇದೆ. ಬಿತ್ತನೆ ನಾಲ್ಕು ದಿನ ಮುಂದೆ ಹಾಕಬಹುದು, ಒಣಗಲು ಹರಡಿದ ಕಾಳನ್ನು ಒಳಗೆ ತೆಗೆದುಕೊಳ್ಳಬಹುದು. ಆದರೆ ನಾಳೆ ಆಲಿಕಲ್ಲು ಬೀಳುತ್ತದೆ ಅಂತ ಗೊತ್ತಾದ ಮಾತ್ರಕ್ಕೆ ತೋಟವನ್ನು ಎತ್ತಿ ಒಳಗಿಡಲು ಆಗುವುದಿಲ್ಲ, ಅಲ್ವಾ?

ಇದರ ಜೊತೆ ಇನ್ನೊಂದು ಸಂಗತಿ ನೆನಪಿಡಿ. ಪ್ರಪಂಚದಲ್ಲಿ ಸುಮಾರು 60 ಕೋಟಿ ಹಿಡುವಳಿಗಳಿವೆ. ಅವುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಎರಡು ಹೆಕ್ಟೇರಿಗಿಂತ, ಅಂದರೆ ಐದು ಎಕರೆಗಿಂತ ಚಿಕ್ಕವು. ಅಷ್ಟು ಜಮೀನಿನವರಿಗೆ ಒಂದು ವರ್ಷ ಬೆಳೆ ಕೈಕೊಟ್ಟರೆ ತಡೆದುಕೊಳ್ಳಲು ಹಿಂದೆ ಏನೂ ಇರುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇಷ್ಟೆಲ್ಲ ಬಂದರೂ ಯಾಕೆ ಮುಗಿದಿಲ್ಲ? ಮಣ್ಣು ಮತ್ತು ಬೇಸಾಯದ ಚರಿತ್ರೆ ಓದುತ್ತಾ ಬಂದ ನನಗೆ ಕಂಡಿದ್ದು ಇದು. ಒಂದು ಕಷ್ಟಕ್ಕೆ ಹುಡುಕಿದ ಪರಿಹಾರ ಮುಂದಿನ ತಲೆಮಾರಿಗೆ ಇನ್ನೊಂದು ಕಷ್ಟವಾಗಿ ಬರುತ್ತದೆ. ಪರಿಹಾರ ತಪ್ಪಿತ್ತು ಅಂತ ಅಲ್ಲ. ಬಹಳ ಸಲ ಅದು ಬೇಕೇ ಬೇಕಿತ್ತು. ಆದರೆ ಅದರ ಬಿಲ್ಲು ತಡವಾಗಿ ಬರುತ್ತದೆ. ಬಂದಾಗ ಅದನ್ನು ತೀರಿಸುವವರು ಹೆಚ್ಚಾಗಿ ರೈತರೇ.

ತೀರಾ ಹಳೆಯ ಉದಾಹರಣೆಯಿಂದ ಶುರು ಮಾಡುತ್ತೇನೆ. ಇವತ್ತಿನ ಇರಾಕಿನ ದಕ್ಷಿಣ ಭಾಗ ಮಳೆಯನ್ನು ನಂಬಿ ಬೆಳೆ ತೆಗೆಯಲು ಆಗದ ಜಾಗ. ಅಲ್ಲಿ ಸುಮೇರಿನ ಜನ 5000 ವರ್ಷಗಳ ಹಿಂದೆಯೇ ಟೈಗ್ರಿಸ್, ಯೂಫ್ರೆಟಿಸ್ ನದಿಗಳಿಂದ ಕಾಲುವೆ ತೋಡಿದರು. ಬರಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಆದರೆ ನದಿಯ ನೀರಿನಲ್ಲಿ ಚೂರುಪಾರು ಉಪ್ಪು ಕರಗಿರುತ್ತದೆ. ಹೊಲಕ್ಕೆ ಬಿಟ್ಟ ನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಬಸಿದು ಹೋಗಲು ದಾರಿ ಇಲ್ಲದಿದ್ದರೆ ಅಡಿಯ ನೀರಿನ ಮಟ್ಟ ವರ್ಷ ವರ್ಷ ಮೇಲೆ ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಮಣ್ಣು ಆ ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತದೆ. ಕೊನೆಗೆ ನೆಲದ ಮೇಲೆ ಬಿಳಿ ಪದರ ಕಾಣಿಸುತ್ತದೆ. ಅದೇ ಸವಳು. ಅಲ್ಲಿಯವರು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ಲೆಕ್ಕಗಳಲ್ಲಿ ಗೋಧಿ ಕಡಿಮೆಯಾಗುತ್ತಾ ಬಾರ್ಲಿ ಜಾಸ್ತಿಯಾಗುತ್ತಾ ಹೋಗುತ್ತದೆ. ಗೋಧಿಗಿಂತ ಬಾರ್ಲಿ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಕ್ರಿ.ಪೂ. 1700ರ ಹೊತ್ತಿಗೆ ದಕ್ಷಿಣದಲ್ಲಿ ಗೋಧಿ ಹೆಚ್ಚುಕಡಿಮೆ ಕಾಣೆಯಾಗಿತ್ತು. ಸವಳಿನ ಜೊತೆ ಬೇರೆ ಕಾರಣಗಳೂ ಇದ್ದಿರಬಹುದು ಅನ್ನುವ ವಿದ್ವಾಂಸರಿದ್ದಾರೆ. ಉಪ್ಪು ಏರುವ ಕ್ರಮದಲ್ಲಿ ಮಾತ್ರ ಅನುಮಾನವಿಲ್ಲ. ಇವತ್ತೂ ಸಿಂಧೂ ಬಯಲಿನಲ್ಲಿ ಅದನ್ನೇ ಕಣ್ಣಾರೆ ನೋಡಬಹುದು.

ಹಾಗಾದರೆ ನೈಲ್ ನದಿಯ ದಡದ ಹೊಲಗಳು ಸಾವಿರಾರು ವರ್ಷ ಸವಳಾಗದೆ ಹೇಗೆ ಉಳಿದವು? ಅಲ್ಲಿ ಪ್ರತಿ ವರ್ಷ ಪ್ರವಾಹ ಬಂದು ಹೊಲವನ್ನು ತೊಳೆದು ಹೋಗುತ್ತಿತ್ತು, ಜೊತೆಗೆ ಹೊಸ ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತಿತ್ತು. ಪ್ರವಾಹ ಎಷ್ಟು ಎತ್ತರ ಬಂತು ಅಂತ ಅಳೆಯಲು ಕಲ್ಲಿನ ಬಾವಿಗಳನ್ನು ಕಟ್ಟಿದ್ದರು. ಆ ಅಳತೆ ನೋಡಿಯೇ ಆ ವರ್ಷದ ಕಂದಾಯ ಗೊತ್ತು ಮಾಡುತ್ತಿದ್ದರು. ನನಗೆ ಈ ಪದ್ಧತಿ ಬಹಳ ಹಿಡಿಸುತ್ತದೆ. ಬೆಳೆ ಬರುವ ಮೊದಲೇ ನದಿಯ ಮುಖ ನೋಡಿ ತೆರಿಗೆ ಏರಿಸುವುದು, ಇಳಿಸುವುದು! ಆದರೆ ನೀರು ಕಡಿಮೆ ಬಂದರೆ ಹಸಿವು, ಜಾಸ್ತಿ ಬಂದರೆ ಊರೇ ಮುಳುಗಡೆ. ಆ ಭಯ ತಪ್ಪಿದ್ದು 1970ರಲ್ಲಿ, ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದಾಗ. 1980ರ ದಶಕದಲ್ಲಿ ಇಥಿಯೋಪಿಯಾ ಬರದಿಂದ ನರಳಿದಾಗ ಈಜಿಪ್ಟನ್ನು ಕಾಪಾಡಿದ್ದು ಅದೇ. ಆದರೆ ಮೆಕ್ಕಲು ಈಗ ಅಣೆಕಟ್ಟಿನ ಹಿಂದೆ ಕೂತಿದೆ. ಹೊಲಕ್ಕೆ ಗೊಬ್ಬರವನ್ನು ಕೊಂಡು ಹಾಕಬೇಕು. ತೊಳೆಯುವ ಪ್ರವಾಹ ಇಲ್ಲ, ಆದ್ದರಿಂದ ಲಕ್ಷಗಟ್ಟಲೆ ಎಕರೆಯಲ್ಲಿ ನೆಲದಡಿ ಬಸಿಯುವ ಕೊಳವೆ ಹಾಕಬೇಕಾಯಿತು.

ಉಪ್ಪಿನ ವಿಷಯ ಬಿಡುವ ಮೊದಲು ಇನ್ನೊಂದು ಮಾತು. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಕಾಲುವೆಯೇ ಇಲ್ಲ, ಎಲ್ಲ ಮಳೆ ಆಧಾರಿತ ಬೇಸಾಯ. ಅಲ್ಲೂ ಹೊಲ ಸವಳಾಯಿತು. ಆಳ ಬೇರಿನ ಮರಗಳನ್ನು ಕಡಿದು ಗೋಧಿ ಬಿತ್ತಿದರು. ಮೊದಲು ಆ ಮರಗಳು ಕುಡಿಯುತ್ತಿದ್ದ ಮಳೆ ನೀರು ಈಗ ಕೆಳಗಿಳಿದು, ಅಡಿಯಲ್ಲಿ ಎಷ್ಟೋ ಕಾಲದಿಂದ ಮಲಗಿದ್ದ ಉಪ್ಪನ್ನು ಎಬ್ಬಿಸಿ ಮೇಲೆ ತಂದಿತು. ರೋಗ ಒಂದೇ, ಬಂದ ದಾರಿ ಬೇರೆ. ಒಂದು ಕಡೆಯ ಮದ್ದನ್ನು ಸುಮ್ನೆ ಇನ್ನೊಂದು ಕಡೆಗೆ ಹೊತ್ತುಕೊಂಡು ಹೋಗಬಾರದು ಅನ್ನುವುದು ಇದಕ್ಕೇ.

ನೆದರ್ಲೆಂಡ್ಸಿನ ಕತೆ ಇದಕ್ಕೆ ತಿರುಗುಮುರುಗು. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿಯ ಜನ ಜೌಗು ನೆಲದಲ್ಲಿ ಬಸಿಗಾಲುವೆ ತೋಡಿ ನೀರು ಹೊರಗೆ ಬಿಟ್ಟು ಧಾನ್ಯ ಬೆಳೆದರು. ಆ ನೆಲ ಕೊಳೆತ ಸಸ್ಯಗಳಿಂದಲೇ ಆಗಿತ್ತು. ನೀರು ಹೋಗಿ ಗಾಳಿ ತಗುಲಿದ ತಕ್ಷಣ ಅದು ಕರಗುತ್ತಾ ಕುಗ್ಗುತ್ತಾ ಬಂತು. ನೆಲ ತಗ್ಗಾಯಿತು, ಮತ್ತೆ ನೀರು ನಿಂತಿತು. ಗಾಳಿಯಂತ್ರ ಕಟ್ಟಿ ನೀರೆತ್ತಿದರು. ನೆಲ ಇನ್ನೂ ತಗ್ಗಿತು. ಆಮೇಲೆ ಉಗಿಯಂತ್ರ ಬಂತು, ವಿದ್ಯುತ್ ಪಂಪ್ ಬಂತು. ಇವತ್ತು ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಹಸಿ ನೆಲದಲ್ಲಿ ಧಾನ್ಯ ಆಗದೆ ಜನ ಹುಲ್ಲುಗಾವಲು, ಹಸು, ಹಾಲಿನ ಕಡೆ ತಿರುಗಿದರು. ಅದು ಚೆನ್ನಾಗಿ ಕೈಹಿಡಿಯಿತು. ಹಸುಗಳು ಎಷ್ಟು ಜಾಸ್ತಿಯಾದವು ಅಂದರೆ ಸಗಣಿ, ಗಂಜಳದಿಂದ ಏಳುವ ಅಮೋನಿಯಾ ಅಕ್ಕಪಕ್ಕದ ಕಾಡು, ಕುರುಚಲುಗಳಿಗೆ ಹಾನಿ ಮಾಡತೊಡಗಿತು. 2019ರಲ್ಲಿ ಅಲ್ಲಿಯ ಉನ್ನತ ನ್ಯಾಯಪೀಠ ಅಮೋನಿಯಾದಂಥವುಗಳಲ್ಲಿರುವ ಸಾರಜನಕದ ಬಗ್ಗೆ ತೀರ್ಪು ಕೊಟ್ಟಿತು. ಹಿಂಡು ಕಡಿಮೆ ಮಾಡಬೇಕು ಅನ್ನುವ ಮಾತು ಎದ್ದಾಗ ಸಾವಿರಾರು ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ಹೇಗ್ ನಗರಕ್ಕೆ ಬಂದರು. ಹಸು ಜಾಸ್ತಿ ಮಾಡಿ, ಸಾಲ ಮಾಡಿ ಕೊಟ್ಟಿಗೆ ದೊಡ್ಡದು ಮಾಡಿ ಅಂತ ದಶಕಗಟ್ಟಲೆ ಕೇಳಿಸಿಕೊಂಡವರು ಅವರು. ಪ್ರಕೃತಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲ ತೀರಿಸುವವರು ಯಾರು ಅಂತ ರೈತರು ಕೇಳಿದರೆ ಅದೂ ನ್ಯಾಯವೇ.

ಈಗ ಆಲೂಗಡ್ಡೆಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲೇಬೇಕು.

ಐರ್ಲೆಂಡಿನ ಬಡ ಗೇಣಿದಾರರ ಹತ್ತಿರ ಇದ್ದದ್ದು ತುಂಡು ಭೂಮಿ. ಧಾನ್ಯ, ಹಂದಿ ಏನೇ ಬೆಳೆಸಿದರೂ ಅದು ಒಡೆಯನ ಗೇಣಿಗೆ ಹೋಗುತ್ತಿತ್ತು. ಸ್ವಂತ ಹೊಟ್ಟೆಗೆ ಉಳಿದ ಮೂಲೆಯಲ್ಲಿ ಆಲೂಗಡ್ಡೆ. ಒಂದು ಎಕರೆಯಷ್ಟು ಜಾಗದಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸುವ ಬೆಳೆ ಬೇರೆ ಇರಲಿಲ್ಲ. ಕೆಟ್ಟ ಮಣ್ಣಲ್ಲೂ ಬರುವ ಲಂಪರ್ ಎಂಬ ತಳಿಯನ್ನೇ ಹೆಚ್ಚಿನವರು ಹಾಕುತ್ತಿದ್ದರು. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ನೆಡುವುದರಿಂದ ದೇಶದ ಲಂಪರ್ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳ ಹಾಗೆ. ಒಂದಕ್ಕೆ ತಾಗಿದ ರೋಗ ಎಲ್ಲಕ್ಕೂ ತಾಗಬೇಕು. 1845ರಲ್ಲಿ ಅಂಗಮಾರಿ ರೋಗ ಬಂತು. 1846ರಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ಕೊಳೆಯಿತು.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. 1847ರಲ್ಲಿ ರೋಗ ಅಷ್ಟಾಗಿ ಇರಲಿಲ್ಲ. ಆದರೂ ಅದು ಅತಿ ಕೆಟ್ಟ ವರ್ಷ. ಯಾಕೆಂದರೆ ಹಸಿದ ಜನ ಬೀಜದ ಗಡ್ಡೆಯನ್ನೂ ತಿಂದು ಮುಗಿಸಿದ್ದರು, ನೆಡಲು ಏನೂ ಉಳಿದಿರಲಿಲ್ಲ. ಒಂದು ವರ್ಷದ ಪೆಟ್ಟು ಮುಂದಿನ ವರ್ಷಕ್ಕೆ ಹೀಗೆ ದಾಟುತ್ತದೆ. ಅದೇ ವರ್ಷ, ಐರ್ಲೆಂಡನ್ನು ಆಳುತ್ತಿದ್ದ ಬ್ರಿಟನ್ನಿನ ಪಾರ್ಲಿಮೆಂಟು ಒಂದು ನಿಯಮ ತಂದಿತು. ಕಾಲು ಎಕರೆಗಿಂತ ಜಾಸ್ತಿ ಜಮೀನು ಇಟ್ಟುಕೊಂಡವರಿಗೆ ಸರಕಾರದ ಪರಿಹಾರ ಇಲ್ಲ, ಬೇಕಿದ್ದರೆ ಜಮೀನು ಬಿಟ್ಟು ಬನ್ನಿ ಅಂತ. ಇವತ್ತಿನ ಊಟಕ್ಕೆ ನಾಳೆಯ ಹೊಲ ಕೊಡಬೇಕು! ಓದುವಾಗೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ. ಅತ್ತ ಬಂದರುಗಳಿಂದ ಧಾನ್ಯ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಇದ್ದ ಜನ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿದರು. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ, ಅದಕ್ಕಿಂತಲೂ ಹೆಚ್ಚು, ಊರು ಬಿಟ್ಟು ಹೋದರು. ಬೆಳೆ ಕೊಂದದ್ದು ಬೂಷ್ಟಿನಂಥ ಒಂದು ಜೀವಿ. ಜನರನ್ನು ಕೊಂದದ್ದರಲ್ಲಿ ಗೇಣಿಯ ಪದ್ಧತಿಗೂ ಪಾಲಿದೆ.

ಅದೇ ಆಲೂಗಡ್ಡೆಯ ತವರು ಆಂಡಿಸ್ ಬೆಟ್ಟಗಳಲ್ಲಿ ರೈತರು ಇವತ್ತಿಗೂ ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ನೆಡುತ್ತಾರೆ. ಒಂದು ಹಿಮ ತಡೆಯುತ್ತದೆ, ಒಂದು ರೋಗ ತಡೆಯುತ್ತದೆ, ಇನ್ನೊಂದು ಬೇಗ ಬರುತ್ತದೆ. ಆ ಸೀಮೆಯಲ್ಲಿ 4000ಕ್ಕೂ ಹೆಚ್ಚು ತಳಿಗಳಿವೆ. ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ, ತುಳಿದು, ಒಣಗಿಸಿಟ್ಟ ಗಡ್ಡೆ ವರ್ಷಗಟ್ಟಲೆ ಕೆಡುವುದಿಲ್ಲ. ಒಟ್ಟು ಇಳುವರಿ ಇದರಿಂದ ಕಡಿಮೆ, ನಿಜ. ಆದರೆ ಬರಿಗೈಯಾಗುವ ವರ್ಷವೂ ಕಡಿಮೆ. ಬೇಸಾಯದ ಸಲಹೆ ಕೊಡುವವರು ಸರಾಸರಿ ಇಳುವರಿ ನೋಡುತ್ತಾರೆ, ಸಣ್ಣ ರೈತರು ಅತಿ ಕೆಟ್ಟ ವರ್ಷವನ್ನು ನೋಡುತ್ತಾರೆ. ಇಬ್ಬರ ನಡುವೆ ಮಾತು ಕೂಡದಿರುವುದು ಬಹಳ ಸಲ ಇದಕ್ಕೇ. ಈಗ ಬೆಟ್ಟದಲ್ಲೂ ಬಿಸಿ ಏರುತ್ತಿದೆ. ಕೆಲವು ತಳಿಗಳನ್ನು ವರ್ಷದಿಂದ ವರ್ಷಕ್ಕೆ ಇನ್ನೂ ಮೇಲೆ ಹೋಗಿ ನೆಡಬೇಕಾಗಿದೆ. ಬೆಟ್ಟಕ್ಕೂ ಒಂದು ತುದಿ ಇದೆ.

ಅಮೆರಿಕದ ದೊಡ್ಡ ಬಯಲುಗಳಿಗೆ ಹೋಗೋಣ. 1862ರ ಕಾಯಿದೆ ಪ್ರಕಾರ ನೆಲೆಸಿ ಉತ್ತವರಿಗೆ 160 ಎಕರೆ ಸಿಗುತ್ತಿತ್ತು. ಮಳೆ ಕಡಿಮೆ ಇರುವ ಒಣ ಸೀಮೆಯಲ್ಲಿ ಆ 160 ಎಕರೆ ಸಾಲುತ್ತಿರಲಿಲ್ಲ, ಆದ್ದರಿಂದ ಇದ್ದಷ್ಟನ್ನೂ ಉಳುವುದು ಅನಿವಾರ್ಯವಾಯಿತು. ಮೊದಲ ಮಹಾಯುದ್ಧದಲ್ಲಿ ಗೋಧಿ ಬೆಲೆ ಏರಿತು. ಟ್ರ್ಯಾಕ್ಟರ್ ಬಂತು. ಸಾವಿರಾರು ವರ್ಷ ಮಣ್ಣನ್ನು ಹಿಡಿದುಕೊಂಡಿದ್ದ ಹುಲ್ಲಿನ ಬೇರು ಕಿತ್ತು ಬಂತು. ಆಮೇಲೆ ಬೆಲೆ ಬಿತ್ತು. ಬೆಲೆ ಬಿದ್ದಾಗ ಬಿತ್ತನೆ ಕಡಿಮೆ ಮಾಡಬೇಕು ಅಂತ ನಮಗೆ ಅನ್ನಿಸುತ್ತದೆ. ಆದರೆ ಟ್ರ್ಯಾಕ್ಟರಿನ ಕಂತು ಕಟ್ಟುವವರಿಗೆ ಹಾಗೆ ಆಗುವುದಿಲ್ಲ. ಮೂಟೆಗೆ ಅರ್ಧ ಬೆಲೆ ಬಂದರೆ ಎರಡರಷ್ಟು ಮೂಟೆ ಬೇಕು. ಅವರು ಇನ್ನೂ ಜಾಸ್ತಿ ಉತ್ತರು. 1931ರಿಂದ ಮಳೆ ಕೈಕೊಟ್ಟಿತು. ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿಗೆ ಹಗಲೇ ಕತ್ತಲಾಯಿತು. ಆ ದಿನವನ್ನು ಅಲ್ಲಿಯವರು ಕರಾಳ ಭಾನುವಾರ ಅನ್ನುತ್ತಾರೆ. ಎರಡು ವಾರದೊಳಗೆ ಮಣ್ಣು ಉಳಿಸುವ ಕಾಯಿದೆಗೆ ಸಹಿ ಬಿತ್ತು. ಹ್ಯೂ ಬೆನೆಟ್ ಎಂಬ ಮಣ್ಣು ತಜ್ಞರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಇಳಿಜಾರಿಗೆ ಅಡ್ಡ ಉಳುಮೆ, ಬದು, ಗಾಳಿ ತಡೆಯಲು ಮರದ ಸಾಲುಗಳು ಬಂದವು. ಸುಮಾರು 22 ಕೋಟಿ ಮರ ನೆಟ್ಟರು. ಮಣ್ಣು ನಿಂತಿತು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ನಂತರ ಆಳದಿಂದ ನೀರೆತ್ತುವ ಪಂಪ್‌ಗಳು, ಒಂದು ಗೂಟದ ಸುತ್ತ ತಿರುಗುತ್ತಾ ನೀರು ಚಿಮುಕಿಸುವ ಉದ್ದನೆಯ ಕೊಳವೆಗಳು ಬಂದವು. ಅಡಿಯಲ್ಲಿ ಒಗಲಾಲ ಎಂಬ ದೊಡ್ಡ ಅಂತರ್ಜಲ ಭಂಡಾರ ಇತ್ತು. ಧೂಳೆದ್ದ ಸೀಮೆ ಹಸಿರಾಯಿತು. ಆದರೆ ಅದು ಬಹುಮಟ್ಟಿಗೆ ಪುರಾತನ ಕಾಲದ ನೀರು, ಮಳೆಯಿಂದ ಮತ್ತೆ ತುಂಬುವುದು ತೀರಾ ನಿಧಾನ. ಪಶ್ಚಿಮ ಕಾನ್ಸಾಸ್ ಮತ್ತು ಟೆಕ್ಸಾಸ್ ಕಡೆ ಎಷ್ಟೋ ಬಾವಿಗಳು ಬತ್ತಿ, ಜನ ಮತ್ತೆ ಮಳೆ ಬೇಸಾಯಕ್ಕೆ ಮರಳುತ್ತಿದ್ದಾರೆ. ಹುಲ್ಲು ಕಿತ್ತದ್ದಕ್ಕೆ ಧೂಳು, ಧೂಳಿಗೆ ಉತ್ತರವಾಗಿ ನೀರು, ಈಗ ನೀರೇ ಇಲ್ಲ. ನೂರೇ ವರ್ಷದಲ್ಲಿ ಮೂರು ಮಜಲು.

ಪಂಜಾಬಿನಲ್ಲಿ ಇದೇ ಸರಪಳಿ ಇನ್ನೂ ಬಿಗಿಯಾಗಿದೆ. 1960ರ ದಶಕದ ಕೊನೆಗೆ ಗಿಡ್ಡ ಗೋಧಿ ತಳಿಗಳು ಬಂದು ದೇಶದ ಆಹಾರದ ಕೊರತೆ ನೀಗಿತು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜೊತೆಗೆ ಭತ್ತವೂ ಬಂತು. ಭತ್ತಕ್ಕೆ ನೀರು ನಿಲ್ಲಬೇಕು, ಅಂತರ್ಜಲ ಕುಸಿಯಿತು. ನೀರು ಉಳಿಸಲು 2009ರಲ್ಲಿ ಕಾನೂನು ಬಂತು: ಸುಡುಬೇಸಿಗೆಯಲ್ಲಿ ನಾಟಿ ಮಾಡಬೇಡಿ, ಜೂನ್ 10ರ ನಂತರ ಮಾಡಿ. ಸರಿಯಾದ ಮಾತೇ. ಆದರೆ ನಾಟಿ ತಡವಾದರೆ ಕಟಾವೂ ತಡ. ಭತ್ತ ತೆಗೆದು ಗೋಧಿ ಬಿತ್ತಲು ಉಳಿಯುವುದು ಕೆಲವೇ ವಾರ. ಯಂತ್ರದಲ್ಲಿ ಕೊಯ್ದ ಹೊಲದ ಕೂಳೆ ತೆಗೆಯಲು ಆಳೂ ಇಲ್ಲ, ಹೊತ್ತೂ ಇಲ್ಲ. ಬೆಂಕಿ ಹಾಕುತ್ತಾರೆ. ಗಾಳಿ ಬೀಸದ ಚಳಿಗಾಲದ ಹೊಸ್ತಿಲಲ್ಲಿ ಆ ಹೊಗೆ ದೆಹಲಿಯವರೆಗೆ ಹೋಗುತ್ತದೆ. ದೆಹಲಿಯ ಹೊಗೆಗೆ ವಾಹನ, ಕಾರ್ಖಾನೆಗಳೂ ಕಾರಣ. ಆದರೆ ಹೆಚ್ಚು ಬೈಗುಳ ತಿನ್ನುವುದು ರೈತರು. ಬೇರೆ ಬೆಳೆ ಹಾಕಿ ಅನ್ನುವುದು ಸುಲಭ. ಗೋಧಿ, ಭತ್ತಕ್ಕೆ ಇರುವಂಥ ಖಚಿತ ಸರಕಾರಿ ಖರೀದಿ ಬೇರೆ ಬೆಳೆಗೆ ಇಲ್ಲದಿರುವಾಗ ಅವರು ಯಾವ ಧೈರ್ಯದ ಮೇಲೆ ಬದಲಾಗಬೇಕು?

ಇಲ್ಲಿಗೆ ಬೆಲೆಯ ವಿಷಯ ಬಂತು. ನನ್ನ ಪ್ರಕಾರ ಇವತ್ತಿನ ರೈತರಿಗೆ ಮಳೆಗಿಂತ ದೊಡ್ಡ ಅನಿಶ್ಚಿತ ಇದೇ. ಬೆಳೆ ಹೋದರೂ ನಷ್ಟ, ತುಂಬಾ ಚೆನ್ನಾಗಿ ಬಂದರೂ ನಷ್ಟ. ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಜನ ಊಟವನ್ನು ಎರಡರಷ್ಟು ಮಾಡುವುದಿಲ್ಲವಲ್ಲ. ಹೊಟ್ಟೆಗೆ ಒಂದು ಅಳತೆ ಇದೆ. ಆದ್ದರಿಂದ ಬೆಳೆ ಹತ್ತರಲ್ಲಿ ಒಂದು ಪಾಲು ಜಾಸ್ತಿಯಾದರೆ ಬೆಲೆ ಅದಕ್ಕಿಂತ ಎಷ್ಟೋ ಪಾಲು ಬೀಳುತ್ತದೆ.

ಕಾಫಿ ನೋಡಿ. ಗಿಡ ನೆಟ್ಟು ಒಳ್ಳೆಯ ಫಸಲು ಬರಲು ಮೂರರಿಂದ ಐದು ವರ್ಷ ಬೇಕು. 1975ರ ಜುಲೈಯಲ್ಲಿ ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಹಿಮ ಬಿದ್ದು ತೋಟಗಳು ಸುಟ್ಟುಹೋದವು. ಜಗತ್ತಿನಲ್ಲೆಲ್ಲ ಬೆಲೆ ಹಲವು ಪಟ್ಟು ಏರಿತು. ಇಂಥ ಹೊತ್ತಿನಲ್ಲಿ ಹತ್ತಾರು ದೇಶಗಳ ರೈತರು ಒಟ್ಟಿಗೆ ಗಿಡ ನೆಡುತ್ತಾರೆ. ಯಾರೂ ತಪ್ಪು ಮಾಡಿದ್ದಲ್ಲ. ಆದರೆ ಎಲ್ಲರ ಗಿಡವೂ ಒಟ್ಟಿಗೆ ಫಸಲಿಗೆ ಬರುತ್ತದೆ, ಆಗ ಬೆಲೆ ಬೀಳುತ್ತದೆ. ಬಿದ್ದಾಗ ಕಿತ್ತು ಹಾಕಲು ಮನಸ್ಸು ಬರುವುದಿಲ್ಲ, ಗಿಡ 20 ವರ್ಷ ಬಾಳುವಂಥದ್ದು. 1931ರಿಂದ 1944ರವರೆಗೆ ಬ್ರೆಜಿಲ್ ಸರಕಾರ ಬೆಲೆ ಉಳಿಸಲು ಸುಮಾರು 7.8 ಕೋಟಿ ಚೀಲ ಕಾಫಿಯನ್ನು ನಾಶ ಮಾಡಿತು. ಸುಟ್ಟರು, ಸಮುದ್ರಕ್ಕೆ ಸುರಿದರು. ದೇಶಗಳು ತಮ್ಮತಮ್ಮಲ್ಲಿ ರಫ್ತಿನ ಪಾಲು ಹಂಚಿಕೊಂಡಿದ್ದ ಒಪ್ಪಂದ 1989ರಲ್ಲಿ ಮುರಿದುಬಿತ್ತು. ವಿಯೆಟ್ನಾಂ ಕೂಡ ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಶುರು ಮಾಡಿದ ಮೇಲೆ 2001ರ ಸುಮಾರಿಗೆ ಬೆಲೆ ಪಾತಾಳಕ್ಕಿಳಿಯಿತು. ಮಧ್ಯ ಅಮೆರಿಕದ ತೋಟಗಳಲ್ಲಿ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟವರಿದ್ದರು.

ಬೆಲೆಯ ಈ ಆಟ ಹೊಸದೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ನಿಂತಿತು. ಇದ್ದಕ್ಕಿದ್ದಂತೆ ಬಾಂಬೆ ಪ್ರಾಂತ್ಯದ ದಖನ್ನಿನ ರೈತರ ಹತ್ತಿಗೆ ಚಿನ್ನದ ಬೆಲೆ. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಸಾಲ ಇಳಿಯಲಿಲ್ಲ, ಸರಕಾರದ ಕಂದಾಯ ಮಾತ್ರ ಏರಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಎಂಬಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಸಾಲದ ಪತ್ರ, ಲೆಕ್ಕದ ಪುಸ್ತಕಗಳನ್ನು. ಅವಕ್ಕೆ ಬೆಂಕಿ ಇಟ್ಟರು. 1879ರಲ್ಲಿ ರೈತರ ರಕ್ಷಣೆಗೆ ಕಾಯಿದೆ ಬಂತು. ಎಲ್ಲೋ ಸಾವಿರಾರು ಮೈಲಿ ಆಚೆ ನಡೆದ ಯುದ್ಧ, ಅದನ್ನು ನಕ್ಷೆಯಲ್ಲಿ ಕೂಡ ನೋಡಿರದ ಜನರ ಹೊಲ ಹರಾಜಿಗೆ ಬಂತು.

ಇತ್ತೀಚಿನ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀಟಗಳು ಈಗ ಹಡಗು, ವಿಮಾನಗಳ ವೇಗದಲ್ಲಿ ಓಡಾಡುತ್ತವೆ. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿತು, 2018ಕ್ಕೆ ಭಾರತದ ಮೆಕ್ಕೆಜೋಳದಲ್ಲಿತ್ತು, 2020ಕ್ಕೆ ಆಸ್ಟ್ರೇಲಿಯಾ ಮುಟ್ಟಿತು. ಜಪಾನಿನಲ್ಲಿ ಕಷ್ಟವೇ ಬೇರೆ. ಯಂತ್ರ ಇದೆ, ರಸ್ತೆ ಇದೆ, ಬೆಳೆಯುವವರಿಲ್ಲ. 2020ರ ಗಣತಿಯಲ್ಲಿ ಮುಖ್ಯವಾಗಿ ಬೇಸಾಯ ಮಾಡುವವರ ಸರಾಸರಿ ವಯಸ್ಸು 67.8. ಒಳ್ಳೆಯ ಗದ್ದೆಗಳು ಬೀಳು ಬಿದ್ದಿವೆ. ಶ್ರೀಲಂಕಾದಲ್ಲಿ 2021ರಲ್ಲಿ ಸರಕಾರ ಒಮ್ಮೆಲೇ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು. ಸಾವಯವಕ್ಕೆ ಹೋಗುವ ಗುರಿ ಕೆಟ್ಟದ್ದಲ್ಲ. ಆದರೆ ಮಣ್ಣಿಗೆ ಸಜ್ಜಾಗಲು ವರ್ಷಗಳು ಬೇಕು, ರೈತರಿಗೆ ಸಿಕ್ಕಿದ್ದು ಕೆಲವು ವಾರ. ಭತ್ತದ ಬೆಳೆ ಬಿತ್ತು, ಅಕ್ಕಿ ಆಮದು ಮಾಡಬೇಕಾಯಿತು, ಅದೇ ವರ್ಷದ ಕೊನೆಗೆ ನಿಷೇಧ ಸಡಿಲಿಸಿದರು. ಆ ಹಂಗಾಮು ಮಾತ್ರ ವಾಪಸ್ ಬರಲಿಲ್ಲ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಮುಗಿದ ಕಷ್ಟ ಇದೆಯಾ? ಅದಕ್ಕೆ ಮೊದಲು, ಮುಗಿಯದಿದ್ದರೂ ಕಡಿಮೆಯಾದ ಒಂದನ್ನು ಹೇಳುತ್ತೇನೆ.

ಸಹಾರಾದ ದಕ್ಷಿಣ ಅಂಚಿನ ನೈಜರ್ ದೇಶದಲ್ಲಿ 1970, 80ರ ದಶಕದ ಬರಗಳಿಗೆ ಹೊಲಗಳು ಬರಡಾದವು. ಹೊರಗಿನಿಂದ ಬಂದವರು ಸಸಿ ನೆಟ್ಟರು, ಹೆಚ್ಚಿನವು ಒಣಗಿದವು. 1983ರ ಸುಮಾರಿಗೆ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿ ತಜ್ಞರು ಮರಾಡಿ ಸೀಮೆಯಲ್ಲಿ ಒಂದು ವಿಷಯ ಗಮನಿಸಿದರು. ಹೊಲದಲ್ಲಿ ಪೊದೆಗಳ ಹಾಗೆ ಕಾಣುತ್ತಿದ್ದದ್ದು ಕಡಿದ ಮರಗಳ ಬುಡದ ಚಿಗುರು. ಬೇರು ನೆಲದಡಿ ಜೀವಂತವಾಗಿಯೇ ಇತ್ತು. ನೆಡುವುದು ಬೇಡ, ಒಳ್ಳೆಯ ಒಂದೆರಡು ಚಿಗುರು ಬಿಟ್ಟು ಉಳಿದದ್ದು ಸವರಿದರೆ ಸಾಕು. ಹಾಗಾದರೆ ರೈತರೇ ಯಾಕೆ ಮಾಡಿರಲಿಲ್ಲ? ಮರ ಸರಕಾರದ ಆಸ್ತಿ ಅಂತ ವಸಾಹತು ಕಾಲದಿಂದ ಕಾನೂನಿತ್ತು. ತನ್ನ ಹೊಲದ ಮರದ ಕೊಂಬೆ ಕಡಿದರೂ ದಂಡ. ಮರ ಬೆಳೆಸಿ ಏನು ಲಾಭ? ಆ ಹಿಡಿತ ಸಡಿಲವಾದ ಮೇಲೆ ರೈತರು ತಾವೇ ನೋಡಿ ಕಲಿತರು, ಒಂದು ಊರಿನಿಂದ ಇನ್ನೊಂದಕ್ಕೆ ಹಬ್ಬಿತು. ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮತ್ತೆ ಎದ್ದವು. ಗಾಳಿ ತಗ್ಗಿತು, ಸೌದೆ ಸಿಕ್ಕಿತು, ಸಜ್ಜೆ ಒಣಗುವುದು ಕಡಿಮೆಯಾಯಿತು. ಪಕ್ಕದ ಬುರ್ಕಿನಾ ಫಾಸೋದಲ್ಲಿ ಯಾಕೂಬಾ ಸಾವಡೊಗೊ ಎಂಬ ರೈತರು ಹಳೆಯ ಗುಣಿ ಪದ್ಧತಿಯನ್ನು ಸುಧಾರಿಸಿದರು. ಒಣ ಕಾಲದಲ್ಲೇ ಗುಣಿ ತೋಡಿ ಗೊಬ್ಬರ ಹಾಕಿಡುವುದು, ಬಂದ ಮೊದಲ ಮಳೆಯ ನೀರನ್ನು ಅಲ್ಲೇ ಹಿಡಿಯುವುದು. ಕಲ್ಲಿನಂಥ ನೆಲದಲ್ಲಿ ಅವರು ಕಾಡನ್ನೇ ಬೆಳೆಸಿದರು.

ಪೂರ್ತಿ ಮುಗಿದ ಕಷ್ಟ ದನಗಳ ದೊಡ್ಡರೋಗ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. 1887ರ ಹೊತ್ತಿಗೆ ಇಟಲಿಯ ಸೈನ್ಯದ ಜೊತೆ ಬಂದ ದನಗಳಿಂದ ಅದು ಎರಿಟ್ರಿಯಾ ತಲುಪಿತು. ಅಲ್ಲಿಂದ ಹತ್ತು ವರ್ಷದಲ್ಲಿ ಆಫ್ರಿಕದ ದಕ್ಷಿಣ ತುದಿ ಮುಟ್ಟಿತು. ಎಷ್ಟೋ ಕಡೆ ನೂರಕ್ಕೆ 90 ದನ ಸತ್ತವು. ಇಥಿಯೋಪಿಯಾದಲ್ಲಿ ಉಳುವ ಎತ್ತುಗಳೇ ಇಲ್ಲವಾದವು. ಎತ್ತಿಲ್ಲದೆ ಉಳುಮೆ ಇಲ್ಲ, ಉಳುಮೆ ಇಲ್ಲದೆ ಬೆಳೆ ಇಲ್ಲ. ಬರವೂ ಸೇರಿ 1888ರಿಂದ 1892ರವರೆಗೆ ಭೀಕರ ಕ್ಷಾಮ ಬಂತು. ನೂರು ವರ್ಷ ಈ ರೋಗ ಬಂದು ಹೋಗುತ್ತಲೇ ಇತ್ತು. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಮತ್ತು ಸಂಗಡಿಗರು ಒಳ್ಳೆಯ ಲಸಿಕೆ ಮಾಡಿದರು. ಒಮ್ಮೆ ಚುಚ್ಚಿದರೆ ಜೀವಮಾನಕ್ಕೆ ಸಾಕು. ಆದರೆ ಅದನ್ನು ತಣ್ಣಗೆ ಇಡಬೇಕಿತ್ತು. ರಸ್ತೆ ಇಲ್ಲದ, ಕಾಳಗ ನಡೆಯುವ ಸೀಮೆಗಳಿಗೆ ಐಸ್ ಪೆಟ್ಟಿಗೆ ಹೋಗುತ್ತಿರಲಿಲ್ಲ. ಬಿಸಿ ತಡೆಯುವ ಲಸಿಕೆ ಬಂದ ಮೇಲೆ ಇಥಿಯೋಪಿಯಾದ ಅಫಾರ್ ಮತ್ತು ದಕ್ಷಿಣ ಸುಡಾನಿನಂಥ ಕಡೆ ದನ ಕಾಯುವವರಿಗೇ ಸೂಜಿ ಹಾಕಲು ಕಲಿಸಿದರು. ಯಾವ ಹಿಂಡು ಎಲ್ಲಿದೆ, ಯಾವ ಹಸು ಸಪ್ಪಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲಸಿಕೆಯ ವೆಚ್ಚವನ್ನು ಬಹುಪಾಲು ಸರಕಾರಗಳೂ ಅಂತರರಾಷ್ಟ್ರೀಯ ಸಂಸ್ಥೆಗಳೂ ಹೊತ್ತವು. ಕೊನೆಯ ಬಾರಿ ಅದು ಕಂಡದ್ದು 2001ರಲ್ಲಿ ಕೀನ್ಯಾದ ಕಾಡೆಮ್ಮೆಗಳಲ್ಲಿ. ಹತ್ತು ವರ್ಷ ಕಾದು ನೋಡಿ, 2011ರಲ್ಲಿ ಅದು ಭೂಮಿಯ ಮೇಲಿಂದ ಹೋಗಿದೆ ಅಂತ ಘೋಷಿಸಿದರು. ಸಿಡುಬಿನ ನಂತರ ಹಾಗೆ ಹೋದ ರೋಗ ಇದೊಂದೇ.